ಸಂಸ್ಥೆ ಬದಲಾಗುವಾಗ: ಕಲಬುರಗಿ, ಬೀದರ್, ಯಾದಗಿರಿಯ ಸಣ್ಣ ಸಂಸ್ಥೆಗಳವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರು ಜಿಲ್ಲೆಗಳ ಸ್ವಯಂಸೇವಾ ಸಂಸ್ಥೆಗಳವರು ಒಂದೆಡೆ ಸೇರಿದಾಗ, ಚಹಾದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಿವು. ಸಭೆಯಲ್ಲಿ ಎದ್ದು ನಿಂತು ಯಾರೂ ಇವನ್ನು ಕೇಳುವುದಿಲ್ಲ. ನಾನು ಮೊದಲು ಲೆಕ್ಕ ಬರೆಯುತ್ತಿದ್ದವನು, ಆಮೇಲೆ ಫೀಲ್ಡ್‌ಗೆ ಬಂದವನು. ಹಾಗಾಗಿ ಉತ್ತರಗಳಲ್ಲಿ ಠರಾವು, ಚೆಕ್ ಬುಕ್ಕು, ರಿಜಿಸ್ಟರು ಸ್ವಲ್ಪ ಜಾಸ್ತಿಯೇ ಬರುತ್ತವೆ. ತಾಳಿಕೊಳ್ಳಿ.

ನಾವಿರುವುದೇ ಎಂಟು ಜನ. ನಮಗೂ ‘ಬದಲಾವಣೆ ನಿರ್ವಹಣೆ’ ಅಂತೆಲ್ಲ ಬೇಕಾ?

ಆ ಹೆಸರು ಬೇಡ, ಕೆಲಸ ಬೇಕು. ದೊಡ್ಡ ಕಂಪನಿಯಲ್ಲಿ ಒಬ್ಬರು ಮುನಿಸಿಕೊಂಡು ಹೋದರೆ ಆ ಕುರ್ಚಿಗೆ ಇನ್ನೊಬ್ಬರು ಬರುತ್ತಾರೆ. ನಿಮ್ಮಲ್ಲಿ ಶಹಾಪುರದ ಕಡೆ ಓಡಾಡುವ ಒಬ್ಬರೇ ಒಬ್ಬರು ಮುನಿಸಿಕೊಂಡರೆ ಅಷ್ಟೂ ಹಳ್ಳಿಗಳ ಕೆಲಸ ನಿಂತುಹೋಗುತ್ತದೆ. ಎಷ್ಟೋ ಹಳ್ಳಿಗಳಲ್ಲಿ ನಿಮ್ಮ ಸಂಸ್ಥೆಯ ಹೆಸರೇ ಗೊತ್ತಿರುವುದಿಲ್ಲ. "ಅಕ್ಕೋರ ಆಫೀಸಿನವ್ರು" ಅನ್ನುತ್ತಾರೆ ಅಷ್ಟೆ. ಆ ಅಕ್ಕ ಹೋದರೆ ಆಫೀಸೂ ಹೋಯಿತು.

ಹಾಗಂತ ಬದಲಾವಣೆ ನಮಗೆ ಹೊಸದೂ ಅಲ್ಲ. 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಕಲಬುರಗಿಯಲ್ಲಿ ನೋಂದಣಿ, ಸುರಪುರದಲ್ಲಿ ಕೆಲಸ ಇದ್ದ ಸಂಸ್ಥೆಗಳು ಎರಡು ಜಿಲ್ಲಾ ಕೇಂದ್ರಗಳ ನಡುವೆ ಓಡಾಡಿದವು. 2014ರ ನವೆಂಬರ್ 1ಕ್ಕೆ ಗುಲಬರ್ಗಾ ಕಲಬುರಗಿಯಾಯಿತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ಹೊಸ ತಾಲ್ಲೂಕುಗಳು ಹುಟ್ಟಿದವು: ಕಮಲಾಪುರ, ಯಡ್ರಾಮಿ, ಗುರುಮಠಕಲ್, ಹುಣಸಗಿ, ಹುಲಸೂರು. ಪ್ರತಿ ಸಲವೂ ಲೆಟರ್‌ಹೆಡ್, ಸೀಲು, ರಿಪೋರ್ಟಿನ ನಮೂನೆ ಬದಲಾದವು. ಅದೆಲ್ಲ ದಾಟಿ ಬಂದಿದ್ದೀರಿ, ಅಲ್ವಾ?

ಎಲ್ಲಿಂದ ಶುರು ಮಾಡಬೇಕು?

ಏನು ನಿಲ್ಲುತ್ತದೆ ಅಂತ ಬರೆಯುವುದರಿಂದ.

ಸಾಮಾನ್ಯವಾಗಿ ನಾವು ಹೊಸದೇನು ಬರುತ್ತದೆ ಅಂತ ಹೇಳುತ್ತೇವೆ. ಹೊಸ ಪ್ರಾಜೆಕ್ಟು, ಹೊಸ ನಮೂನೆ, ಹೊಸ ಕೋಆರ್ಡಿನೇಟರು. ಹಳೆಯದರಲ್ಲಿ ಯಾವುದು ಬಿಟ್ಟುಹೋಗುತ್ತದೆ ಅಂತ ಯಾರೂ ಬಾಯಿ ಬಿಡುವುದಿಲ್ಲ. ಹೇಳದಿದ್ದರೆ ಫೀಲ್ಡಿನವರು ಎರಡನ್ನೂ ಮಾಡುತ್ತಾರೆ, ಸ್ವಲ್ಪ ದಿನಕ್ಕೆ ಎರಡೂ ಅರೆಬರೆಯಾಗುತ್ತವೆ. ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ಹೊಸದಾಗಿ ಬರುವ ಕೆಲಸ ಬರೆಯಿರಿ. ಬಲಕ್ಕೆ ಅದರ ಬದಲಿಗೆ ನಿಲ್ಲುವ ಕೆಲಸ, ನಿಲ್ಲುವ ತಾರೀಖು, ನಿಲ್ಲಿಸಲು ಒಪ್ಪಿದವರ ಸಹಿ. ಬಲಗಡೆ ಖಾಲಿ ಉಳಿದರೆ ನೀವು ತರುತ್ತಿರುವುದು ಬರೀ ಹೊರೆ. ಫೀಲ್ಡಿನವರಿಗೆ ಅದು ನಿಮಗಿಂತ ಮೊದಲೇ ಗೊತ್ತಾಗಿರುತ್ತದೆ.

ಯಾರಿಗೆ ಮೊದಲು ಹೇಳಬೇಕು? ಫಂಡ್ ಕೊಡುವವರಿಗಾ, ಆಡಳಿತ ಮಂಡಳಿಗಾ, ಸಿಬ್ಬಂದಿಗಾ?

ತೀರ್ಮಾನ ಮಂಡಳಿಯದು, ಹಾಗಾಗಿ ಮೊದಲು ಅವರು. ಅದರ ಮರುದಿನವೇ ಸಿಬ್ಬಂದಿ. ಮರುದಿನ ಅಂದರೆ ಮರುದಿನ, ಮುಂದಿನ ತಿಂಗಳ ಸಭೆಯಲ್ಲಿ ಅಲ್ಲ. ಮಂಡಳಿಯ ಸುದ್ದಿ ಡ್ರೈವರ್, ಅಡುಗೆಯವರು, ಜೆರಾಕ್ಸ್ ಅಂಗಡಿ ದಾಟಿ ಹಳ್ಳಿಗೆ ಮುಟ್ಟುವುದಕ್ಕೆ ಒಂದು ವಾರ ಸಾಕು. ನಿಮ್ಮ ಕಾರ್ಯಕರ್ತೆ ಹಳ್ಳಿಯ ಮಹಿಳಾ ಸಂಘದ ಸಭೆಗೆ ಹೋದಾಗ ಅಲ್ಲಿನ ಹೆಂಗಸರೇ "ಅಕ್ಕೋರೆ, ನಿಮ್ಮ ಆಫೀಸು ಬಂದ್ ಆಗ್ತದಂತಲ್ರಿ?" ಅಂತ ಕೇಳಿಬಿಟ್ಟರೆ ಆಕೆಗೆ ಎಂಥ ಅವಮಾನ ನೋಡಿ. ಅವತ್ತಿನಿಂದ ಆಕೆ ನಿಮ್ಮ ಮಾತು ನಂಬುವುದಿಲ್ಲ.

ಫಂಡ್ ಕೊಡುವವರಿಗೆ ಆಮೇಲೆ ಬರವಣಿಗೆಯಲ್ಲಿ ತಿಳಿಸಿ. ಒಪ್ಪಂದದಲ್ಲಿ ಮೊದಲೇ ಒಪ್ಪಿಗೆ ಬೇಕು ಅಂತಿದ್ದರೆ ಮಾತ್ರ ಅವರನ್ನು ಮುಂದಕ್ಕೆ ತನ್ನಿ.

ಸಭೆಯಲ್ಲಿ ಎಲ್ಲರೂ "ಹೌದ್ರಿ ಸರ" ಅನ್ನುತ್ತಾರೆ. ಆಮೇಲೆ ಏನೂ ಆಗುವುದಿಲ್ಲ. ಯಾಕೆ?

ನಮ್ಮ ಕಡೆ "ಹೌದ್ರಿ" ಅಂದರೆ ‘ಕೇಳಿಸಿತು’ ಅಂತ. ‘ಒಪ್ಪಿದೆ’ ಅಂತಲ್ಲ. ಹಿರಿಯರ ಎದುರು ಹತ್ತು ಜನರ ನಡುವೆ ಇಲ್ಲ ಅನ್ನುವುದು ಮರ್ಯಾದೆಯಲ್ಲ ಅಂತ ಬೆಳೆದವರು ನಾವು.

ನಿಜವಾದ ಮಾತು ಇಬ್ಬರೇ ಇದ್ದಾಗ ಬರುತ್ತದೆ, ಅದೂ ಬೈಕಿನ ಮೇಲೆ. ಅವರ ಜೊತೆ ಒಂದು ದಿನ ಫೀಲ್ಡ್‌ಗೆ ಹೋಗಿ. ‘ಇದು ನಿಮಗೆ ಒಪ್ಪಿಗೆಯಾ?’ ಅಂತ ಕೇಳಬೇಡಿ. ‘ಇದು ಬಂದರೆ ನಿಮ್ಮ ಸೋಮವಾರ ಹೇಗೆ ಬದಲಾಗುತ್ತದೆ?’ ಅಂತ ಕೇಳಿ. ಆಗ ಹೊರಬರುತ್ತದೆ: ಪೆಟ್ರೋಲಿನ ದುಡ್ಡು ಸಾಲದು, ಸಂಜೆ ಬಸ್ಸು ತಪ್ಪುತ್ತದೆ, ಹೊಸ ಹಳ್ಳಿಯ ಪಂಚಾಯಿತಿಯವರ ಜೊತೆ ಹಳೇ ಜಗಳವಿದೆ. ನಾವು ‘ವಿರೋಧ’ ಅಂತ ಹಣೆಪಟ್ಟಿ ಹಚ್ಚುವುದರಲ್ಲಿ ಮುಕ್ಕಾಲು ಪಾಲು ಇಂಥವೇ. ಸಂಸ್ಥೆಗೆ ಯಾರೂ ಹಗೆಯಲ್ಲ.

ಪದಗಳ ಬಗ್ಗೆಯೂ ಎಚ್ಚರ. ‘ಪುನಾರಚನೆ’ ಅಂತ ಬರೆದ ಸುತ್ತೋಲೆ ಓದಿ ಒಬ್ಬ ಕಾರ್ಯಕರ್ತ ನನ್ನನ್ನು ಕೇಳಿದ್ದು ಒಂದೇ ಮಾತು: "ಹಂಗಾದ್ರ ಯಾರ್ನ್ ತೆಗೀತಾರ್ರಿ?" ಯಾರನ್ನೂ ತೆಗೆಯುವುದಿಲ್ಲ ಅಂದರೆ ಮೊದಲ ಸಾಲಿನಲ್ಲೇ ಹಾಗೆ ಬರೆಯಿರಿ. ತೆಗೆಯುವುದಿದ್ದರೆ ಅದನ್ನೂ ಬರೆಯಿರಿ. ಔರಾದ ಕಡೆ ಮರಾಠಿ, ಗುರುಮಠಕಲ್ ಕಡೆ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಎಲ್ಲ ಕಡೆಯೂ ಒಂದಿಷ್ಟು ಉರ್ದು. ಸುತ್ತೋಲೆ ಕನ್ನಡದಲ್ಲಿರಲಿ, ಆದರೆ ಮಾತಾಡುವಾಗ ಅವರ ಭಾಷೆ ಬಲ್ಲವರೊಬ್ಬರು ಜೊತೆಗಿರಲಿ.

ರಿಜಿಸ್ಟರ್ ಬಿಟ್ಟು ಮೊಬೈಲ್ ಆ್ಯಪ್‌ಗೆ ಹೋಗುತ್ತಿದ್ದೇವೆ. ಏನು ನೋಡಿಕೊಳ್ಳಬೇಕು?

ಇದರಲ್ಲಿ ನಾನೇ ಎಡವಿದ್ದೇನೆ. ನಾನಿದ್ದ ಒಂದು ಸಂಸ್ಥೆಯಲ್ಲಿ ಸಂಘದ ಸಭೆಗಳ ಹಾಜರಾತಿಯನ್ನು ಆ್ಯಪ್‌ನಲ್ಲಿ ತುಂಬಬೇಕು ಅಂತ ಮಾಡಿದೆವು. ಮೂರು ತಿಂಗಳಾದ ಮೇಲೆ ನೋಡಿದರೆ ಒಬ್ಬ ಹುಡುಗನ ಏಳು ಹಳ್ಳಿಗಳಲ್ಲೂ ಹಾಜರಾತಿ 22! ಕರೆದು ಬೈದೆವು. ಅವನು ಏನೂ ಮಾತಾಡದೆ ಜೇಬಿನಿಂದ ಸಣ್ಣ ಡೈರಿ ತೆಗೆದಿಟ್ಟ. ಅದರಲ್ಲಿ ಎಲ್ಲ ಸರಿಯಾಗಿತ್ತು. ಒಂದು ಹಳ್ಳಿಯಲ್ಲಿ 9, ಇನ್ನೊಂದರಲ್ಲಿ 14, ಎರಡು ತಾಂಡಾಗಳಲ್ಲಿ ಸಭೆಯೇ ಇಲ್ಲ, ಯಾಕೆಂದರೆ ಜನ ಪುಣೆಗೆ ದುಡಿಯಲು ಹೋಗಿದ್ದರು.

ಆ್ಯಪ್‌ನಲ್ಲಿ ‘ಸಭೆ ನಡೆಯಲಿಲ್ಲ’ ಅನ್ನಲು ಜಾಗವೇ ಇರಲಿಲ್ಲ. ಸೊನ್ನೆ ಹಾಕಿದರೆ ಮುಂದಕ್ಕೆ ಹೋಗುತ್ತಿರಲಿಲ್ಲ. ತಾಂಡಾದಲ್ಲಿ ನೆಟ್‌ವರ್ಕ್ ಇಲ್ಲ, ಹಾಗಾಗಿ ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಕೂತು ತುಂಬುತ್ತಿದ್ದ. ಅದರ ಮೇಲೆ, ಫಂಡ್ ಕೊಟ್ಟವರು ರಿಜಿಸ್ಟರಿನ ಫೋಟೋನೂ ಬೇಕು ಅಂತಿದ್ದರಿಂದ ಅದನ್ನೂ ಬರೆಯುತ್ತಿದ್ದ. ಒಂದೇ ಹಾಜರಾತಿ ಮೂರು ಸಲ. ನಮ್ಮ ಹಾಳೆಯ ಬಲಗಡೆ ಖಾಲಿ ಇತ್ತು.

ಆಮೇಲೆ ಮಾಡಿದ್ದು ಇಷ್ಟು. ನೆಟ್‌ವರ್ಕ್ ಇಲ್ಲದೆಯೂ ತುಂಬಿ, ಆಮೇಲೆ ಕಳಿಸುವ ಹಾಗೆ ಬದಲಾಯಿಸಿದೆವು. ‘ಸಭೆ ಇಲ್ಲ’ ಮತ್ತು ಕಾರಣ ಅನ್ನುವ ಎರಡು ಸಾಲು ಸೇರಿಸಿದೆವು. ಎರಡು ತಿಂಗಳು ಎರಡೂ ನಡೆಯಲಿ, ಆಮೇಲೆ ರಿಜಿಸ್ಟರ್ ಬಂದ್ ಅಂತ ಫಂಡ್ ಕೊಡುವವರಿಂದ ಇಮೇಲ್‌ನಲ್ಲಿ ಬರೆಸಿಕೊಂಡೆವು. ಆ್ಯಪ್ ಮಾಡಿದ ಬೆಂಗಳೂರಿನ ಹುಡುಗರನ್ನು ಮೊದಲೇ ಒಂದು ದಿನ ತಾಂಡಾಕ್ಕೆ ಕರೆತಂದಿದ್ದರೆ ಈ ಪೇಚಾಟವೇ ಇರುತ್ತಿರಲಿಲ್ಲ.

ಯಾವ ತಿಂಗಳಲ್ಲಿ ಶುರು ಮಾಡುವುದು ಒಳ್ಳೆಯದು?

ಜೂನ್‌ನಲ್ಲಿ ಬೇಡ, ಹಳ್ಳಿ ಪೂರಾ ಬಿತ್ತನೆಯಲ್ಲಿರುತ್ತದೆ. ಡಿಸೆಂಬರ್, ಜನವರಿ ತೊಗರಿ ರಾಶಿಯ ಕಾಲ. ಅದರಲ್ಲೇ ಎಳ್ಳ ಅಮಾವಾಸ್ಯೆಯೂ ಬರುತ್ತದೆ. ಆ ದಿನ ಬೀದರ್, ಕಲಬುರಗಿ ಕಡೆ ಊರಿಗೆ ಊರೇ ಹೊಲದಲ್ಲಿ ಭಜ್ಜಿ, ರೊಟ್ಟಿ ಊಟಕ್ಕೆ ಕೂತಿರುತ್ತದೆ, ಸಭೆ ಕರೆದರೆ ನೀವೊಬ್ಬರೇ. ಮಾರ್ಚ್ ಲೆಕ್ಕ ಮುಗಿಸುವ ತಿಂಗಳು. ಏಪ್ರಿಲ್, ಮೇ ಬಿಸಿಲು ಗೊತ್ತೇ ಇದೆ.

ಉಳಿದ ತಿಂಗಳುಗಳಲ್ಲಿ ಆಗಸ್ಟ್, ಸೆಪ್ಟೆಂಬರ್ ನೋಡಿ. ಫೀಲ್ಡಿನ ಮಟ್ಟಿಗೆ ಅದು ಒಳ್ಳೆಯ ಕಾಲ. ಆದರೆ ನಿಮ್ಮ ಲೆಕ್ಕಿಗರಿಗೆ ಅದೇ ಆಡಿಟ್ ಕಾಲ. ಲೆಕ್ಕದ ಪದ್ಧತಿ ಬದಲಿಸುವುದಾದರೆ ಏಪ್ರಿಲ್ 1ಕ್ಕೇ ಮಾಡಿ, ವರ್ಷದ ನಡುವೆ ಕೈ ಹಾಕಬೇಡಿ.

ಮೂವತ್ತು ವರ್ಷ ನಡೆಸಿದ ಸ್ಥಾಪಕರು ಹಿಂದೆ ಸರಿಯುತ್ತೇನೆ ಅಂದಿದ್ದಾರೆ. ಹೇಗೆ ನಿಭಾಯಿಸುವುದು?

‘ಅಂದಿದ್ದಾರೆ’ ಅನ್ನುವುದು ಸಂತೋಷ. ಎಷ್ಟನೇ ಸಲ ಅಂದಿದ್ದಾರೆ ಅಂತಲೂ ನೋಡಿ.

ಮೊದಲು ಕಾಣದ ಬೀಗಗಳನ್ನು ಹುಡುಕಿ. ಆದಾಯ ತೆರಿಗೆ ಪೋರ್ಟಲ್‌ನ ಒಟಿಪಿ ಯಾರ ಮೊಬೈಲಿಗೆ ಬರುತ್ತದೆ? ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರದ ದರ್ಪಣ್ ಪೋರ್ಟಲ್‌ನದು? ಬ್ಯಾಂಕಿನದು? ಎಷ್ಟೋ ಕಡೆ ಅದು ಸ್ಥಾಪಕರ ಮಗನ ನಂಬರು, ಇಲ್ಲವೇ ಎಂದೋ ಬಿಟ್ಟುಹೋದ ಲೆಕ್ಕಿಗರ ನಂಬರು. ಡಿಜಿಟಲ್ ಸಹಿಯ ಪೆನ್‌ಡ್ರೈವ್ ಯಾರ ಕಪಾಟಿನಲ್ಲಿದೆ? ಜಾಗದ ಕಾಗದ ಸಂಸ್ಥೆಯ ಹೆಸರಿಗಿದೆಯೋ, ಅವರ ಸ್ವಂತ ಹೆಸರಿಗೋ? ಈ ಪಟ್ಟಿಯನ್ನು ಅವರ ಜೊತೆಗೇ ಕೂತು, ಅವರ ಕೈಯಿಂದಲೇ ಬರೆಸಿ. ನೀವು ಹಿಂದಿನಿಂದ ಹುಡುಕಿದರೆ ಅನುಮಾನ ಅನಿಸುತ್ತದೆ.

ಚೆಕ್ ಸಹಿಯ ವಿಷಯದಲ್ಲಿ ಹೊಸಬರ ಸಹಿ ಸೇರಿಸಿ, ಒಂದು ತಿಂಗಳ ಸಂಬಳ ಹೊಸ ಸಹಿಯಲ್ಲಿ ಆದ ಮೇಲೆ ಹಳೆಯದನ್ನು ತೆಗೆಯಿರಿ. ಠರಾವಿನ ನಕಲು, ಕೆವೈಸಿ ಅಂತ ಬ್ಯಾಂಕಿಗೆ ನಾಲ್ಕು ಸಲ ಓಡಾಡಬೇಕಾಗುತ್ತದೆ. ಎರಡನ್ನೂ ಒಂದೇ ದಿನ ಮಾಡಲು ಹೋಗಿ, ಸಿಬ್ಬಂದಿ ಸಂಬಳ ಇಲ್ಲದೆ ದೀಪಾವಳಿ ಮಾಡಿದ್ದನ್ನು ನೋಡಿದ್ದೇನೆ.

ಮನಸ್ಸಿನ ಭಾಗ ಇದಕ್ಕಿಂತ ಕಷ್ಟ. ಹೊಸ ಕಾರ್ಯದರ್ಶಿ ಮೇಡಂ ಬಂದು ಆರು ತಿಂಗಳಾದರೂ ರಜೆ ಅರ್ಜಿ ಸರ್ ಮನೆಗೇ ಹೋಗುತ್ತಿರುತ್ತದೆ. ಸರ್ ಕೂಡ "ಹೋಗಿ ಬಾರಪ್ಪಾ" ಅಂದುಬಿಡುತ್ತಾರೆ. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಇದನ್ನು ಮೇಡಂ ಸರಿಮಾಡಲು ಆಗುವುದಿಲ್ಲ, ಸರ್ ಮಾತ್ರ ಮಾಡಬಲ್ಲರು. ಮನೆಗೆ ಬಂದವರಿಗೆ ಚಹಾ ಕೊಟ್ಟು "ಅದನ್ನ ಅಕ್ಕೋರಿಗೆ ಕೇಳ್ರಿ" ಅನ್ನಬೇಕು. ಹತ್ತು ಸಲ ಹಾಗಂದರೆ ಹನ್ನೊಂದನೇ ಸಲ ಯಾರೂ ಬರುವುದಿಲ್ಲ. ಜೊತೆಗೆ ಅವರಿಗೆ ಒಂದು ನಿಜವಾದ ಕೆಲಸ ಕೊಡಿ, ಗಡಿ ಇರುವ ಕೆಲಸ. ಸಂಸ್ಥೆಯ ಹಳೆಯ ಹೋರಾಟಗಳನ್ನು ಬರೆದಿಡುವುದು, ಜಮೀನಿನ ಒಂದು ಕೇಸು ನೋಡಿಕೊಳ್ಳುವುದು, ಹೀಗೆ. ‘ಮಾರ್ಗದರ್ಶಕರು’ ಅಂತ ಸುಮ್ನೆ ಬೋರ್ಡು ಹಾಕಿದರೆ ಅವರು ಎಲ್ಲದಕ್ಕೂ ಮಾರ್ಗ ತೋರಿಸುತ್ತಾರೆ.

ಅವರು ಒಪ್ಪದೇ ಇದ್ದರೆ?

ಒಂದು ತಿಂಗಳ ರಜೆಯಿಂದ ಶುರು ಮಾಡಿ. ಮಕ್ಕಳ ಮನೆಗೋ ಯಾತ್ರೆಗೋ ಹೋಗಿಬರಲಿ. ಆ ತಿಂಗಳು ಯಾರು ಏನು ಮಾಡಬೇಕು ಅಂತ ಬರೆದಿಟ್ಟು ಹೋಗಲಿ. ವಾಪಸ್ ಬಂದಾಗ ಸಂಸ್ಥೆ ನಡೆದಿರುತ್ತದೆ. ಕೆಲವರಿಗೆ ಅದರಿಂದ ನೋವಾಗುತ್ತದೆ, ಕೆಲವರಿಗೆ ನೆಮ್ಮದಿ. ಆಡಳಿತ ಮಂಡಳಿ ತುಂಬ ಅವರ ಮನೆಯವರೇ ಇದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆಗ ಮೊದಲು ಬದಲಾಗಬೇಕಾದ್ದು ಮಂಡಳಿ.

ಪದಾಧಿಕಾರಿ, ವಿಳಾಸ, ಉದ್ದೇಶ ಬದಲಾದರೆ ಯಾರ್ಯಾರಿಗೆ ತಿಳಿಸಬೇಕು?

ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಆದ ಸಂಘವಾದರೆ, ವಾರ್ಷಿಕ ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ ಜಿಲ್ಲೆಯ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ಬಹಳ ಜನ ಇದನ್ನು ನಾಲ್ಕೈದು ವರ್ಷ ಬಿಟ್ಟು, ಫಂಡ್ ಬರುವ ಹೊತ್ತಿಗೆ ದಂಡ ಕಟ್ಟಿ ಓಡಾಡುತ್ತಾರೆ. ಟ್ರಸ್ಟ್ ಆದರೆ ಟ್ರಸ್ಟ್ ಡೀಡ್ ಹೇಳಿದ ಹಾಗೆ.

ಉದ್ದೇಶಗಳನ್ನೇ ಬದಲಿಸಿದರೆ ಆದಾಯ ತೆರಿಗೆಯ ನೋಂದಣಿಗೆ 30 ದಿನಗಳೊಳಗೆ ಮತ್ತೆ ಅರ್ಜಿ ಹಾಕಬೇಕು. ಇದನ್ನು ಮರೆತರೆ ಪೆಟ್ಟು ದೊಡ್ಡದು. ಬೈಲಾಕ್ಕೆ ಕೈ ಹಾಕುವ ಮೊದಲೇ ಸಿಎ ಹತ್ತಿರ ಕೂತುಕೊಳ್ಳಿ. ವಿದೇಶಿ ಹಣದ ಎಫ್‌ಸಿಆರ್‌ಎ ನೋಂದಣಿ ಇದ್ದರೆ ಪದಾಧಿಕಾರಿ ಬದಲಾದದ್ದನ್ನು 45 ದಿನಗಳೊಳಗೆ ಎಫ್‌ಸಿ-6ಇ ನಮೂನೆಯಲ್ಲಿ ತಿಳಿಸಬೇಕು. ಹೆಸರು, ವಿಳಾಸಕ್ಕೆ ಬೇರೆ ನಮೂನೆಯಿದೆ.

ನಮ್ಮ ಮುಖ್ಯ ಫಂಡ್ ನಿಂತುಹೋಯಿತು. ಸಿಬ್ಬಂದಿಗೆ ಏನು ಹೇಳಲಿ?

ನಿಜ ಹೇಳಿ, ಅಂಕಿ ಸಮೇತ. ‘ಕಷ್ಟವಿದೆ, ನೋಡೋಣ’ ಅನ್ನಬೇಡಿ. ‘ಈಗಿರುವ ದುಡ್ಡು ನವೆಂಬರ್‌ವರೆಗೆ ಬರುತ್ತದೆ’ ಅನ್ನಿ.

2020ರ ಸೆಪ್ಟೆಂಬರ್‌ನಲ್ಲಿ ಎಫ್‌ಸಿಆರ್‌ಎ ತಿದ್ದುಪಡಿ ಬಂದಾಗ ಈ ಪಾಠ ಆಯಿತು. ವಿದೇಶಿ ಹಣ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಕೊಡುವಂತಿಲ್ಲ ಅಂತಾಯಿತು. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ಹಣ ಮೊದಲು ಬಂದಿಳಿಯುವ ಖಾತೆ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲೇ ಇರಬೇಕು ಅಂತಾಯಿತು. ಬೆಂಗಳೂರು, ದೆಹಲಿಯ ದೊಡ್ಡ ಸಂಸ್ಥೆಗಳ ಕೈಯಿಂದ ಹಣ ಪಡೆದು ಕೆಲಸ ಮಾಡುವ ಜಿಲ್ಲೆಯ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. ಕೊರೊನಾ ಬೇರೆ ಇತ್ತು. ಆಗ ಬೇಗ ಬಾಯಿಬಿಟ್ಟು ಹೇಳಿದ ಕಡೆ ಜನ ಅರ್ಧ ಸಂಬಳಕ್ಕೂ ಕೆಲವು ತಿಂಗಳು ನಿಂತರು. ಮುಚ್ಚಿಟ್ಟ ಕಡೆ ನಿಲ್ಲಲಿಲ್ಲ.

ಸಂಬಳ ಕಡಿಮೆ ಮಾಡುವುದಾದರೆ ಮೇಲಿನಿಂದ ಶುರು ಮಾಡಿ. ತೆಗೆಯಲೇಬೇಕಾದರೆ ಬಾಕಿ ಲೆಕ್ಕ, ಅನುಭವ ಪತ್ರ, ಪಿಎಫ್ ಕಾಗದ ಎಲ್ಲವೂ ಕೊನೆಯ ದಿನವೇ ಕೈಗೆ ಸಿಗಲಿ. ಹಳ್ಳಿಗೆ ಹೋಗಿ ‘ಇನ್ನು ಬರುವುದಿಲ್ಲ’ ಅಂತ ಹೇಳುವ ಕೆಲಸವನ್ನು ಕೆಲಸ ಕಳೆದುಕೊಂಡವರ ತಲೆಗೇ ಕಟ್ಟಬೇಡಿ. ನೀವೂ ಜೊತೆಗೆ ಹೋಗಿ. ಉಗಿಸಿಕೊಳ್ಳುವುದಿದ್ದರೆ ನೀವೂ ಉಗಿಸಿಕೊಳ್ಳಿ.

ಕಂಪನಿಗಳ ಸಿಎಸ್‌ಆರ್ ಹಣದ ಕಡೆ ತಿರುಗಬಹುದಾ?

ಆಗಬಹುದು, ಕಣ್ಣು ತೆರೆದು. ಇದು ಕಂಪನಿಗಳು ತಮ್ಮ ಲಾಭದಲ್ಲಿ ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ಹಣ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಬೇಕು. ಕಾನೂನು ಕಂಪನಿಗಳಿಗೆ ತಮ್ಮ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಿ ಅನ್ನುತ್ತದೆ. ಹಾಗಾಗಿ ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ಚಿತ್ತಾಪುರದ ಸುತ್ತ ಹಣ ಸಿಗುವುದು ಸುಲಭ. ಹುಣಸಗಿಯ ಮೂಲೆಯ ಹಳ್ಳಿಗೆ ಕಷ್ಟ. ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ನೀತಿ ಆಯೋಗ ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಯಾದಗಿರಿ ಇರುವುದನ್ನು ಅರ್ಜಿಯಲ್ಲಿ ಬರೆಯಿರಿ, ಸ್ವಲ್ಪ ಕೆಲಸ ಮಾಡುತ್ತದೆ.

ನನ್ನ ಭಯ ಬೇರೆ. ಕೂಲಿ ಹಕ್ಕಿನ ಕೆಲಸ ಮಾಡುತ್ತಿದ್ದ ಸಂಸ್ಥೆ ಎರಡೇ ವರ್ಷದಲ್ಲಿ ಶಾಲೆಗೆ ಬೆಂಚು ಹಂಚುವ ಸಂಸ್ಥೆಯಾಗಿಬಿಡುತ್ತದೆ. ಬೆಂಚು ಬೇಕೇ ಬೇಕು, ತಪ್ಪೇನಿಲ್ಲ. ಆದರೆ ಕೂಲಿಯ ಕೆಲಸ ಬಿಡುತ್ತಿದ್ದೇವೆ ಅಂತ ಮಂಡಳಿ ಕೂತು ಠರಾವು ಮಾಡಿ ಬಿಡಲಿ. ತಾನಾಗಿಯೇ ಜಾರಿಹೋದರೆ ಕೇಳಲು ಬಂದ ಕೂಲಿಯವರಿಗೆ ಉತ್ತರ ಕೊಡುವವರು ಇರುವುದಿಲ್ಲ.

ಕನ್ಸಲ್ಟೆಂಟ್ ಒಬ್ಬರು ಎಂಟು ಹೆಜ್ಜೆಯ ಚಾರ್ಟ್ ಕೊಟ್ಟಿದ್ದಾರೆ. ಅದು ನಮಗೆ ಆಗಿಬರುತ್ತದಾ?

ಅದು ಬಹುಶಃ ಮ್ಯಾನೇಜ್ಮೆಂಟ್ ಪ್ರೊಫೆಸರ್ ಜಾನ್ ಕಾಟರ್ ಅವರದು, 1990ರ ದಶಕದ್ದು. ಅಮೆರಿಕದ ದೊಡ್ಡ ಕಂಪನಿಗಳನ್ನು ನೋಡಿ ಮಾಡಿದ್ದು. ‘ಬೇಗ ಕಾಣುವ ಸಣ್ಣ ಗೆಲುವು ತೋರಿಸಿ’ ಅನ್ನುವ ಮಾತು ಅದರಲ್ಲಿದೆ, ಅದು ಇಲ್ಲಿಗೂ ನಡೆಯುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಇದೇ ವಿಷಯದ ಮೇಲೆ ಬರೆದ ಇನ್ನೊಬ್ಬ ಲೇಖಕ ವಿಲಿಯಂ ಬ್ರಿಜಸ್ ಹೇಳಿದ್ದು: ಬದಲಾವಣೆಯ ಹಾದಿ ಹಳೆಯದೊಂದು ಮುಗಿಯುವುದರಿಂದ ಶುರುವಾಗುತ್ತದೆ, ನಡುವೆ ಎರಡೂ ಇಲ್ಲದ ಗೊಂದಲದ ಕಾಲ ಇರುತ್ತದೆ, ಹೊಸದು ಬರುವುದು ಕೊನೆಗೆ. ನಾನು ಮೊದಲು ಹೇಳಿದ ಹಾಳೆಯ ಬಲಗಡೆ ಅದೇ ತಾನೆ? ಚಾರ್ಟ್ ಗೋಡೆಗೆ ಹಚ್ಚಿ, ಪರವಾಗಿಲ್ಲ. ಆದರೆ ಕನ್ಸಲ್ಟೆಂಟ್‌ಗೆ ಕೊಡುವ ದುಡ್ಡಿನಲ್ಲಿ ಅರ್ಧವನ್ನು ಫೀಲ್ಡಿನವರ ಪೆಟ್ರೋಲಿಗೆ ಇಟ್ಟುಕೊಳ್ಳಿ.

ಇನ್ನೊಂದು ಸಂಸ್ಥೆಯ ಜೊತೆ ಕೂಡಿಕೊಳ್ಳುವುದು ಹೇಗೆ?

ಒಂದು ವರ್ಷ ಒಂದೇ ಪ್ರಾಜೆಕ್ಟು ಕೂಡಿ ಮಾಡಿ ನೋಡಿ. ಎರಡೂ ಕಡೆಯ ಪ್ರಯಾಣ ಭತ್ಯೆ ಒಂದು ಮಾಡುವುದರಲ್ಲೇ ಗೊತ್ತಾಗುತ್ತದೆ, ಇದು ಆಗುವ ಸಂಬಂಧವೋ ಅಲ್ಲವೋ ಅಂತ.

ಮುಚ್ಚಿಬಿಡುವುದೇ ಸರಿ ಅನಿಸಿದರೆ?

ಅದೂ ಒಂದು ತೀರ್ಮಾನವೇ, ನಾಚಿಕೆಪಡಬೇಕಿಲ್ಲ. ಸಂಘದ ಉಳಿದ ಆಸ್ತಿಯನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಅನ್ನುವುದು ನೆನಪಿರಲಿ. ಸಾಲ, ಸಂಬಳ ತೀರಿಸಿ ಉಳಿದದ್ದು ಅಂಥದೇ ಕೆಲಸ ಮಾಡುವ ಇನ್ನೊಂದು ಸಂಸ್ಥೆಗೆ ಹೋಗಬೇಕು.

ಹಳೆಯ ರಿಜಿಸ್ಟರುಗಳನ್ನು ಏನು ಮಾಡುವುದು? ಕಪಾಟು ತುಂಬಿದೆ.

ರದ್ದಿಗೆ ಹಾಕುವ ಮೊದಲು ನಿಲ್ಲಿ. ಆದಾಯ ತೆರಿಗೆ ನಿಯಮದಲ್ಲಿ ಲೆಕ್ಕದ ಪುಸ್ತಕ, ಕಾಗದಗಳನ್ನು 10 ವರ್ಷ ಇಡಬೇಕು ಅಂತ 2022ರಲ್ಲೇ ಬಂದಿದೆ. ಠರಾವು ಪುಸ್ತಕ ಯಾವ ಕಾಲಕ್ಕೂ ಹೋಗಕೂಡದು. ಸಂಘಗಳ ಹಾಜರಾತಿ ಪುಸ್ತಕಗಳನ್ನು ಆಯಾ ಹಳ್ಳಿಯ ಸಂಘಕ್ಕೇ ವಾಪಸ್ ಕೊಡಬಹುದು, ಹೆಬ್ಬೆಟ್ಟು ಅವರದೇ ತಾನೆ. ಉಳಿದದ್ದನ್ನು ನೆಲದ ಮೇಲಿಡಬೇಡಿ. ಮಳೆಗಾಲಕ್ಕೆ ಮೊದಲೇ ಗೆದ್ದಲು ನೋಡಿಸಿ.